ಬಾಟಲಿಗೆ ಕಾಸಿದ ನೀರು

ಕುಡಿಯುವ ನೀರಿನ ಗುಣಮಟ್ಟದ ಬಗ್ಗೆ ನಡೆಯುವ ಸಭೆಗಳಿಗೆ ಹೋದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಅಲ್ಲಿ ಯಾರೂ ನಳದ ನೀರು ಕುಡಿಯುವುದಿಲ್ಲ. ಪ್ರತಿಯೊಬ್ಬ ಸಾಹೇಬರ ಮುಂದೆಯೂ ಸೀಲು ಒಡೆಯದ ಪುಟ್ಟ ಬಾಟಲಿ, ಅದರ ಪಕ್ಕ ಒಂದು ತಟ್ಟೆ ಗೋಡಂಬಿ. ಊರಿನ ನೀರೆಲ್ಲ ಕುಡಿಯಲು ಯೋಗ್ಯ ಎಂದು ಓದಿ ಮುಗಿಸುತ್ತಾರೆ, ಓದಿ ಗಂಟಲು ಒಣಗಿತೆಂದು ಆ ಬಾಟಲಿಯ ಮುಚ್ಚಳ ತಿರುಗಿಸುತ್ತಾರೆ. ಗೋಡೆಯ ಬದಿಯ ಕುರ್ಚಿಯಲ್ಲಿ ಕೂತು ನಾನು ಇದನ್ನು ನೋಡುತ್ತ ಬಂದಿದ್ದೇನೆ. ಮೊದಮೊದಲು ನಗು ಬರುತ್ತಿತ್ತು. ಈಗ ಸಭೆ ಮುಗಿಯುವ ಮೊದಲೇ ಎದ್ದು ಹೊರಗೆ ಬರುತ್ತೇನೆ.

ನಾನು ನೀರು ಪರೀಕ್ಷೆ ಮಾಡುವ ಹೆಂಗಸು. ಕೆಲಸ ಗುತ್ತಿಗೆಯದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕರಲ್ಲಿ ಎಲ್ಲಿ ಜಾಗ ಖಾಲಿ ಬೀಳುತ್ತದೋ ಅಲ್ಲಿಗೆ ನನ್ನನ್ನು ಎತ್ತಿ ಹಾಕುತ್ತಾರೆ. ನಾಲ್ಕೂ ಊರಿನ ಬಸ್‌ಸ್ಟ್ಯಾಂಡಿನ ಚಹಾ ಕುಡಿದಿದ್ದೇನೆ, ನಾಲ್ಕೂ ಊರಿನ ನೀರಿನ ವಾಸನೆ ಕಣ್ಣು ಮುಚ್ಚಿ ಗುರುತಿಸಬಲ್ಲೆ. ಈಗ ಹೇಳುವ ಓಣಿ ಅವುಗಳಲ್ಲಿ ಯಾವ ಊರಿನದು ಎಂದು ಮಾತ್ರ ಹೇಳುವುದಿಲ್ಲ. ಹೇಳಿದರೆ ಉಳಿದ ಮೂರು ಊರಿನವರು ತಮ್ಮ ನೀರು ಚಲೋ ಐತಿ ಎಂದು ಹಾಯಾಗಿ ಮಲಗುತ್ತಾರೆ.

ಓಣಿ ಊರಿನ ತಗ್ಗಿನಲ್ಲಿತ್ತು. ಮೇಲಿನ ಓಣಿಗಳವರು ಮೈ ತೊಳೆದದ್ದು, ಭಾಂಡೆ ತಿಕ್ಕಿದ್ದು, ಇನ್ನು ಬಾಯಿಬಿಟ್ಟು ಹೇಳಬಾರದ್ದು ಎಲ್ಲವೂ ಗಟಾರದಲ್ಲಿ ಹರಿದು ಬಂದು ಅಲ್ಲಿ ನಿಲ್ಲುತ್ತಿತ್ತು. ನಳಕ್ಕೆ ನೀರು ವಾರಕ್ಕೊಮ್ಮೆ, ಅದೂ ದಾರದಂತೆ ಸಣ್ಣಗೆ. ನೆಲದ ಮೇಲಿನ ನಳಕ್ಕೆ ಅದು ಏರುತ್ತಲೇ ಇರಲಿಲ್ಲ. ಹಾಗಾಗಿ ಮನೆಮನೆಯವರೂ ಬಾಗಿಲ ಮುಂದೆ ಗುಂಡಿ ತೋಡಿ, ಪೈಪನ್ನು ಅಲ್ಲೇ ಕತ್ತರಿಸಿ, ಗುಂಡಿಯ ತಳದಲ್ಲಿ ನಳ ಕೂಡಿಸಿಕೊಂಡಿದ್ದರು. ನೀರು ಬಿಟ್ಟ ದಿನ ಗುಂಡಿಗೆ ಇಳಿದು ಕೊಡ ತುಂಬುವುದು. ಉಳಿದ ದಿನ ಆ ಗುಂಡಿಗೆ ಪಕ್ಕದ ಗಟಾರ ಒಸರಿ ತುಂಬುವುದು. ನೀರು ನಿಂತ ಮೇಲೆ ಪೈಪು ಸುಮ್ಮನಿರುವುದಿಲ್ಲ, ಖಾಲಿಯಾಗುತ್ತ ಆಗುತ್ತ ಸುತ್ತಲಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಮುಂದಿನ ವಾರ ಅದನ್ನೇ ಊರಿಗೆ ಬಿಡುವ ಹೊಳೆ ನೀರಿನ ಜೊತೆ ಬೆರೆಸಿ ಮನೆಗೆ ತಂದು ಕೊಡುತ್ತದೆ. ಹಂದಿಗಳು ಆ ಗುಂಡಿಗಳಲ್ಲಿ ಹೊರಳಾಡಿ ಎದ್ದು ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಪದ್ಧತಿ ಹೀಗಿತ್ತು. ಪ್ರತಿ ಓಣಿಯಲ್ಲಿ ಒಂದು ಮನೆಯನ್ನು ಗೊತ್ತು ಮಾಡಿ, ತಿಂಗಳಿಗೊಮ್ಮೆ ಆ ಮನೆಯ ನಳದ ನೀರು ತರಿಸುವುದು. ತರುವವನು ವಾಲ್ವ್ ತಿರುವಿ ಊರಿಗೆ ನೀರು ಬಿಡುವ ನೌಕರ. ಕುದಿಸಿ ಮುಚ್ಚಿದ ಬಾಟಲಿಗಳನ್ನು ನಾನು ಅವನ ಕೈಗೆ ಕೊಡುತ್ತಿದ್ದೆ, ಅವನು ತುಂಬಿಸಿಕೊಂಡು ಬರುತ್ತಿದ್ದ. ಆ ನೀರನ್ನು ಮದ್ದು ಹಾಕಿದ ಸಣ್ಣ ಸೀಸೆಗೆ ಸುರಿದು ಬೆಚ್ಚಗೆ ಇಟ್ಟರೆ ಮರುದಿನದ ಹೊತ್ತಿಗೆ ಉತ್ತರ ಸಿಗುತ್ತದೆ. ಬಣ್ಣ ಬದಲಾಗದಿದ್ದರೆ ಸರಿ. ನೀರಿನಲ್ಲಿ ಮಲ ಬೆರೆತಿದ್ದರೆ ಸೀಸೆ ಕಪ್ಪಾಗುತ್ತದೆ, ಮುಚ್ಚಳ ತೆಗೆದರೆ ಕೊಳೆತ ತತ್ತಿಯ ವಾಸನೆ ಬರುತ್ತದೆ.

ಮೇಲಿನ ಓಣಿಗಳ ಸೀಸೆಗಳು ಆಗಾಗ ಕಪ್ಪಾಗುತ್ತಿದ್ದವು. ಎಲ್ಲಕ್ಕಿಂತ ಹೊಲಸಾದ ಈ ತಗ್ಗಿನ ಓಣಿಯದು ಒಮ್ಮೆಯೂ ಆಗಲಿಲ್ಲ. ಮೂಗು ಮುಚ್ಚಿಕೊಂಡು ದಾಟುವ ಓಣಿಯ ನೀರು, ಸೀಸೆಯಲ್ಲಿ ಮಾತ್ರ ಗಂಗೋದಕ. ನಮ್ಮ ಸಾಹೇಬರಿಗೆ ಅದು ಹೆಮ್ಮೆಯ ವಿಷಯ. “ನೋಡ್ರಿ, ಕೊನೀ ಮನಿಗೂ ಶುದ್ಧ ನೀರು ಮುಟ್ಟಿಸೇವಿ” ಎಂದು ಸಭೆಯಲ್ಲಿ ಅದನ್ನೇ ಮೊದಲು ಓದುತ್ತಿದ್ದರು. ನನಗೆ ಮಾತ್ರ ಆ ತಿಳಿ ಸೀಸೆ ಕಂಡರೆ ಮೈ ಉರಿಯುತ್ತಿತ್ತು. ನೀರು ಬಿಡುವವನೇ ಎಲ್ಲೋ ನೀರಿನ ಟಾಕಿಯ ಬುಡದಲ್ಲಿ ತುಂಬಿಕೊಂಡು ಬರುತ್ತಾನೆಂದು ಅನುಮಾನಪಟ್ಟು, ನೀರು ಬಿಟ್ಟ ಒಂದು ಬೆಳಿಗ್ಗೆ ಅವನ ಜೊತೆಗೇ ಹೊರಟೆ.

ಅವನು ನೇರವಾಗಿ ಗೊತ್ತುಪಡಿಸಿದ ಮನೆಗೇ ಹೋದ. ಬಾಗಿಲಲ್ಲಿ ಅರವತ್ತು ದಾಟಿದ ಹೆಂಗಸು, ಓಣಿಯವರೆಲ್ಲ ಕಾಕು ಎಂದು ಕರೆಯುವಾಕೆ. ಅಂಗಳ ಸಾರಿಸಿ ರಂಗೋಲಿ ಹಾಕಿದ್ದರು. ಹೊಸ್ತಿಲಿನ ಆಚೆಗೆ ಗಟಾರ ಗಬ್ಬು ನಾರುತ್ತಿದ್ದರೆ, ಈಚೆಗೆ ನೆಲದ ಮೇಲೆ ಅನ್ನ ಬಡಿಸಿಕೊಂಡು ಉಣ್ಣಬಹುದಿತ್ತು. ನೀರು ಬಿಡುವವನು ಬಾಟಲಿ ಕೊಟ್ಟ. ಕಾಕು ಅದನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಒಯ್ದರು. ಹಿಂದೆಯೇ ನಾನೂ ಹೋದೆ.

ಮೊದಲು ಬಾಟಲಿಯನ್ನು ಬೂದಿ ಹಾಕಿ ತಿಕ್ಕಿದರು. ನಾನು ಹಿಂದಿನ ದಿನವೇ ಕುದಿಸಿ, ಮುಚ್ಚಿ, ಬೆರಳು ತಾಗದಂತೆ ಕಾದಿಟ್ಟ ಬಾಟಲಿ ಅದು. ಆಮೇಲೆ ಬಿಸಿನೀರಿನಲ್ಲಿ ಗಲಬರಿಸಿದರು. ಒಲೆಯ ಪಕ್ಕ ತಾಮ್ರದ ಕೊಡವೊಂದು ಮುಚ್ಚಿಟ್ಟಿತ್ತು. ಅದರಲ್ಲಿದ್ದದ್ದು ರಾಡಿ ತಳಕ್ಕೆ ಕೂರಲೆಂದು ತುರಟಿಯ ಹರಳು ಆಡಿಸಿ, ಅರಿವೆಯಲ್ಲಿ ಸೋಸಿ, ಕಾಸಿ ಆರಿಸಿದ ನೀರು. ಅದನ್ನು ಒಂದು ಹನಿಯೂ ಚೆಲ್ಲದಂತೆ ಬಾಟಲಿಗೆ ತುಂಬಿ, ಮೇಲೆ ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟರು.

“ಕಾಕು, ನಳದ ನೀರು ಬೇಕಾಗಿತ್ರಿ” ಎಂದೆ.

“ನಳದ್ದ ಐತೆವ್ವ. ಹೊರಗಿಂದ ತಂದೇನೇನು?”

“ಕಾಸೀರಲ್ರಿ.”

“ಮತ್ತ? ಬಂದವರಿಗೆ ಯಾರರ ಹಸಿ ನೀರು ಕೊಡ್ತಾರೇನು? ಆಫೀಸಿನ ಮಂದಿ ಬಾಯಿಗಿ ಹೋಗೋದು. ನಾಳೆ ಆ ಮನಿ ನೀರು ಹೊಲಸಿತ್ತು ಅಂದ್ರ ನಮ್ಮ ಮನಿ ಮರ್ಯಾದಿ ಏನಾಗಬೇಕು?”

ಬಾಟಲಿ ಮೊದಲು ಬಂದ ದಿನದಿಂದಲೂ ಹೀಗೆಯೇ ನಡೆದಿತ್ತು. ಇದರಲ್ಲಿ ಮೋಸ ಎನ್ನುವುದು ಎಳ್ಳಷ್ಟೂ ಇರಲಿಲ್ಲ. ನಮ್ಮ ಕಡೆ ಬಿಸಿಲಲ್ಲಿ ಬಂದವರಿಗೆ ಮೊದಲು ಕೊಡುವುದು ನೀರು, ಆಮೇಲೆ ಹೆಸರು ಕೇಳುವುದು. ಬಂದವರು ಕೊಟ್ಟ ಭಾಂಡೆಯನ್ನು ಬರಿದಾಗಿ, ತೊಳೆಯದೆ ಹಿಂದಕ್ಕೆ ಕೊಡುವ ಮಾತೇ ಇಲ್ಲ. ಕಾಕು ತಮಗೆ ಗೊತ್ತಿದ್ದ ಧರ್ಮ ಮಾಡಿದ್ದರು, ಕಚೇರಿಯವರು ಅದನ್ನು ಇಡೀ ಓಣಿಯ ನೀರೆಂದು ಬರೆದುಕೊಂಡಿದ್ದರು. “ನಮ್ಮ ಮನಿ ನೀರು ಪ್ರತಿ ಸಲ ಪಾಸ್ ಆಗೇತಿ” ಎಂದು ಕಾಕು ಮುಖ ಅರಳಿಸಿ ಹೇಳಿದರು. ನೀರು ಬಿಡುವವನು ಪ್ರತಿ ತಿಂಗಳೂ ಬಂದು ತಿಳಿಸುತ್ತಿದ್ದನಂತೆ, ಅವರು ಓಣಿಗೆಲ್ಲ ಹೇಳುತ್ತಿದ್ದರಂತೆ.

ಆ ದಿನ ನಾನೇ ಗುಂಡಿಗೆ ಇಳಿದು ನಳದಿಂದ ನೀರು ಹಿಡಿದೆ. ಮೊದಲು ಹಳದಿಯಾಗಿ ಬಂತು, ಜೊತೆಗೆ ಒಂದು ಎಳೆ ಕೂದಲು. ಸ್ವಲ್ಪ ಹೊತ್ತಿಗೆ ತಿಳಿಯಾಯಿತು. ಓಣಿಯ ಹೆಂಗಸರು ತಿಳಿಯಾಗುವುದನ್ನೇ ಕಾಯುತ್ತಿದ್ದರು, ಆದ ಕೂಡಲೇ ಕೊಡ ಹಿಡಿದರು. ಕಾಕು ಮಾತ್ರ ನಾನು ಅದನ್ನು ಹಾಗೇ ಒಯ್ಯುವುದನ್ನು ನೋಡಲಾರದೆ ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಹೊರಡುವಾಗ, ಮಗಳನ್ನು ದೇವಣಗಾಂವಕ್ಕೆ ಕೊಟ್ಟಿರುವುದಾಗಿ, ಏಳನೇ ತಿಂಗಳ ಕುಬಸ ಮುಗಿಸಿ ಚೊಚ್ಚಲ ಬಾಣಂತನಕ್ಕೆ ಬರುವ ವಾರ ಕರೆದುಕೊಂಡು ಬರುವುದಾಗಿ ಹೇಳಿದರು.

ಮರುದಿನ ಸೀಸೆ ಕಪ್ಪಾಗಿತ್ತು, ದೀಪದ ಮಸಿಯಂಥ ಕಪ್ಪು. ಅದನ್ನು ಸಾಹೇಬರ ಮೇಜಿನ ಮೇಲೆ ಇಟ್ಟು ಎಲ್ಲ ಹೇಳಿದೆ. ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು.

“ಇದನ್ನ ಯಾರು ಹಿಡದ್ರು?”

“ನಾನ ಹಿಡದೇನ್ರಿ.”

“ಹಂಗಾರ ನಿಮ್ಮ ಕೈ ತಾಗಿರಬೇಕು ಬಿಡ್ರಿ. ಇಷ್ಟು ವರ್ಷ ಚಲೋ ಬಂದದ್ದು ನೀವು ಹೋದ ದಿನಾನೇ ಹೆಂಗ ಕೆಡ್ತೈತಿ?”

ಕೋತಿ ತಾನು ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿತಂತೆ. ನಾನು ಗುಂಡಿಗಳ ಮಾತು ಹೇಳಿದೆ, ಕಾಸಿದ ನೀರಿನ ಮಾತು ಹೇಳಿದೆ, ಆ ಓಣಿಯ ನೀರಿಗೆ ಈಗಿಂದೀಗಲೇ ಔಷಧ ಹಾಕಿ ಪೈಪು ಬದಲಿಸಬೇಕೆಂದೆ. ಪೈಪು ಹೊಸ ಯೋಜನೆಯಲ್ಲಿ ಬರುತ್ತದೆ ಎಂದರು. ಕೆಟ್ಟ ಫಲಿತಾಂಶ ಬಂದರೆ ಇನ್ನೊಮ್ಮೆ ನೀರು ತರಿಸಿ ನೋಡಬೇಕೆಂಬ ನಿಯಮವಿದೆ, ಅದು ಒಳ್ಳೆಯ ನಿಯಮವೇ. ಅವರು ಅದನ್ನು ಚಾಚೂ ತಪ್ಪದೆ ಪಾಲಿಸಿದರು. ನನ್ನನ್ನು ಬಿಟ್ಟು, ನೀರು ಬಿಡುವವನನ್ನು ಅದೇ ಮನೆಗೆ ಕಳಿಸಿದರು. ಕಾಕು ಮತ್ತೆ ಬೂದಿ ಹಾಕಿ ತಿಕ್ಕಿ, ಕಾಸಿ, ತುಂಬಿ ಕೊಟ್ಟರು. ಸೀಸೆ ತಿಳಿಯಾಗಿ ಉಳಿಯಿತು. ವರದಿಯಲ್ಲಿ “ಮರುಪರೀಕ್ಷೆಯಲ್ಲಿ ಯೋಗ್ಯ” ಎಂದು ಬಂತು, ಕಪ್ಪಾದ ಸೀಸೆಯ ಸುದ್ದಿಯೇ ಇಲ್ಲ. ಒಂದು ಸುಳ್ಳನ್ನೂ ಬರೆಯದೆ ಇಷ್ಟು ದೊಡ್ಡ ಸುಳ್ಳು ಹೇಳಬಹುದೆಂದು ನನಗೆ ಅವತ್ತು ಗೊತ್ತಾಯಿತು. ಥೂ ಎನ್ನಬೇಕೆನಿಸಿತು, ಅಂದೂಬಿಟ್ಟೆ, ಆದರೆ ಹೊರಗೆ ಬಂದ ಮೇಲೆ.

ಮತ್ತೆ ಕಾಕುವಿನ ಮನೆಗೆ ಹೋಗುವಷ್ಟರಲ್ಲಿ ಮಗಳು ಬಂದಿದ್ದಳು. ಹಸಿರು ಬಳೆ ತುಂಬಿದ ಕೈ, ದಣಿದ ಮುಖ. ಮಂಚದ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದಳು. ನಾನು ಹೇಗೆ ಹೇಳಲಿ ಎಂದು ಯೋಚಿಸುತ್ತಿರುವಾಗಲೇ ಅವಳು ನೀರು ಕೇಳಿದಳು. ಕಾಕು ಮೂಲೆಯ ಸ್ಟೀಲ್ ಕೊಡದಿಂದ ತಂಬಿಗೆ ಅದ್ದಿ ಕೊಟ್ಟರು. ತಾಮ್ರದ ಕೊಡ ಬಂದವರಿಗೆ, ಸ್ಟೀಲಿನದು ಮನೆಯವರಿಗೆ. ಹುಡುಗಿ ಒಂದೇ ಉಸಿರಿಗೆ ಕುಡಿದಳು.

“ಕಾಕು, ಆ ನೀರು ಕಾಸಿ ಕೊಡ್ರಿ, ಇಲ್ಲಂದ್ರ ಫಿಲ್ಟರ್ ನೀರು ತರಿಸ್ರಿ” ಎಂದೆ.

“ಮೊದಲು ಫಿಲ್ಟರ್ ನೀರ ತರಿಸ್ತಿದ್ದೆ ತಂಗಿ. ಅದನ್ನ ಕುಡದ್ರ ಮೊಣಕಾಲು ನೋಯ್ತಾವಂತ. ಹೊಳಿ ನೀರಿಗಿ ಸತ್ವ ಇರ್ತೈತಿ. ನಮ್ಮದು ಹೆಂಗೂ ಪಾಸ್ ಆಗೇತಿ.”

“ಪಾಸ್ ಆಗಿದ್ದು ನೀವು ಕಾಸಿದ್ದು. ಇದರಾಗ ಬ್ಯಾಕ್ಟೀರಿಯಾ ಅದಾವು.”

ಕಾಕು ತಲೆಯಾಡಿಸಿದರು, ಅಷ್ಟೇ. ಬ್ಯಾಕ್ಟೀರಿಯಾ ಎಂದರೆ ಟೀವಿಯ ಸೋಪಿನ ಜಾಹೀರಾತು, ಕಲುಷಿತ ಎಂದರೆ ಗೋಡೆಯ ಮೇಲಿನ ಬರಹ. ನಮ್ಮ ಕಚೇರಿಯ ಮಾತುಗಳೆಲ್ಲ ಹಾಗೆ, ಹೇಸಿಗೆಯನ್ನು ತೊಳೆದು ಇಸ್ತ್ರಿ ಮಾಡಿ ಇಡುತ್ತವೆ. ಯಾರ ಮೂಗಿಗೂ ಬಡಿಯುವುದಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

“ಹೇಲು ಐತಿ ಕಾಕು. ಮಂದಿ ಹೇಲು ಬೆರತೈತಿ ಆ ಕೊಡದಾಗ” ಎಂದುಬಿಟ್ಟೆ.

ಮಗಳು ತಂಬಿಗೆ ಕೆಳಗಿಟ್ಟಳು. ಕಾಕುವಿನ ಮುಖ ಕೆಂಪಾಯಿತು. ಅವರು ನೀರನ್ನು ನೋಡಲೇ ಇಲ್ಲ, ನನ್ನನ್ನು ನೋಡಿದರು.

“ಬಸರ ಹೆಣ್ಣುಮಗಳ ಮುಂದ ಇಂಥಾ ಹೊಲಸು ಮಾತು ಆಡ್ತೀಯಲ್ಲ. ಪೂಜಿ ಮಾಡಿ ದೇವರ ಜಗಲಿ ಮ್ಯಾಲಿಂದ ಇಳಿಸಿದ ಕೊಡ ಅದು. ಎದ್ದ ಹೋಗು.”

ಎದ್ದು ಹೋದೆ. ಮರುಪರೀಕ್ಷೆಯಲ್ಲಿ ಪಾಸಾದ ಸುದ್ದಿಯನ್ನು ನೀರು ಬಿಡುವವನು ಅದಾಗಲೇ ಅವರಿಗೆ ಮುಟ್ಟಿಸಿದ್ದ. ಸರಕಾರ ಪಾಸು ಮಾಡಿದ ನೀರಿಗೆ ಗುತ್ತಿಗೆಯ ಹೆಂಗಸೊಬ್ಬಳು ಹೆಸರಿಡುವುದನ್ನು ಅವರು ಯಾಕಾದರೂ ನಂಬಬೇಕು?

ಕೆಲವು ವಾರಗಳ ಮೇಲೆ ನೀರು ಬಿಡುವವನೇ ಬಂದು ಹೇಳಿದ. ಕಾಕುವಿನ ಮಗಳ ಕಣ್ಣು ಹಳದಿಯಾಗಿದೆ, ಕಾಮಣಿ ಎಂದು ನಾಟಿ ಔಷಧ ಕಟ್ಟಿಸಿದ್ದಾರೆ. ನಾನು ಓಡಿದೆ. ಹುಡುಗಿ ಗೋಡೆಯ ಕಡೆ ಹೊರಳಿ ಮಲಗಿದ್ದಳು, ಕರೆದರೆ ತೊದಲುತ್ತಿದ್ದಳು. ಬಸುರಿಗೆ ನೀರಿನಿಂದ ಬರುವ ಕಾಮಣಿ ಎಂದರೆ ಬಾಣಂತನದ ಮನೆಯಿಂದ ಮಸಣಕ್ಕೆ ಒಂದೇ ಹೆಜ್ಜೆ. ನಾನು ಗಾಡಿ ತರಿಸಿದೆ, ಮಗಳನ್ನು ಹಿಡಿದುಕೊಂಡು ಕಾಕುವೂ ಹತ್ತಿದರು. ವಿಜಯಪುರದ ಆಸ್ಪತ್ರೆಯಲ್ಲಿ ಹುಡುಗಿ ಉಳಿದಳು. ಕೂಸು ಹೊಟ್ಟೆಯಲ್ಲೇ ತೀರಿಕೊಂಡಿತ್ತು.

ಆಸ್ಪತ್ರೆಯ ವರಾಂಡದಲ್ಲಿ ಕಾಕು ನೆಲದ ಮೇಲೆ ಕೂತಿದ್ದರು. ಪಕ್ಕ ಕೂತೆ. ಅವರು ಅಂದರು: “ಬಾಟಲಿಗಿ ಕಾಸಿ ಕೊಟ್ಟೆ ತಂಗಿ. ಮಗಳಿಗಿ ಹಸಿ ನೀರ ಕೊಟ್ಟೆ.”

ಅವರ ಕೈ ಹಿಡಿದುಕೊಂಡು ಅತ್ತೆ.

ಆ ತಿಂಗಳ ಬಾಟಲಿಯನ್ನು ನಾನೇ ಒಯ್ದೆ. ಕಾಕುವಿನ ಮನೆಗೆ ಬೀಗ ಇತ್ತು. ಗುಂಡಿಗೆ ಇಳಿದು ಅದೇ ನಳದ ನೀರು ಹಿಡಿದು ತಂದೆ. ಕಪ್ಪಾಯಿತು. ಸೀಸೆಯ ಮುಚ್ಚಳ ತೆಗೆದೇ ಸಾಹೇಬರ ಮುಂದೆ ಇಟ್ಟೆ, ಕೋಣೆಯೆಲ್ಲ ನಾರಿತು. ಅವರು ಕರವಸ್ತ್ರ ಮೂಗಿಗೆ ಒತ್ತಿಕೊಂಡು ಕಿಟಕಿ ತೆಗೆಸಿದರು. ನಾನು ಕೂಸಿನ ಮಾತು ಹೇಳಿದೆ. ಪಾಪ ಎಂದರು. ನಿಜವಾಗಿಯೂ ಪಾಪ ಎನಿಸಿತ್ತೋ ಏನೋ. ಆಮೇಲೆ ಅಂದರು: “ಆ ಮನಿ ಇನ್ನ ಬ್ಯಾಡ. ಟಾಕಿ ಬಾಜೂಕ ಒಂದು ಮನಿ ನೋಡ್ರಿ. ಅಲ್ಲಿಂದ ತಗೊಂಡ್ರೂ ಅದ ಲೈನ ಅಲ್ಲೇನು?”

ಅದೇ ಲೈನು, ಸುಳ್ಳೇನಲ್ಲ. ಟಾಕಿಯ ಬಾಜೂಕಿನ ಮನೆಗೆ ನೀರು ಜೋರಾಗಿ ಬರುತ್ತದೆ, ಗುಂಡಿಯಿಲ್ಲ, ಗಟಾರ ಕೆಳಕ್ಕೆ ಹರಿದು ಹೋಗುತ್ತದೆ. ಅಲ್ಲಿಯ ಸೀಸೆ ತಿಳಿಯಾಗಿತ್ತು. ಆ ತಿಂಗಳ ವರದಿಯಲ್ಲೂ ತಗ್ಗಿನ ಓಣಿಯ ನೀರು ಯೋಗ್ಯ.

ಮುಂದಿನ ಸಲ ನೀರು ಬಿಟ್ಟ ಬೆಳಿಗ್ಗೆ ಯಾರಿಗೂ ಹೇಳದೆ ಆ ಓಣಿಗೆ ಹೋದೆ, ಬಾಯಿಂದಲಾದರೂ ಹೇಳೋಣವೆಂದು. ಬಾಗಿಲು ಬಾಗಿಲಿಗೆ ನಿಂತು, ಕಾಸದೆ ಕುಡಿಯಬೇಡಿ, ಇದರಲ್ಲಿ ಹೊಲಸು ಸೇರಿದೆ, ಕಾಕುವಿನ ಮಗಳಿಗೆ ಆದದ್ದು ಇದರಿಂದಲೇ ಎಂದೆ. “ಆತು ಬಿಡ್ರಿ ಅಕ್ಕಾರ” ಎನ್ನುತ್ತ ಎಲ್ಲರೂ ಕೊಡ ತುಂಬುತ್ತಲೇ ಇದ್ದರು. “ಇಷ್ಟೂ ಕೊಡ ಕಾಸಾಕ ಗ್ಯಾಸ್ ನೀವ ಕೊಡ್ತೀರೇನು?” ಎಂದು ಒಬ್ಬಾಕೆ ಕೇಳಿದಳು. ಆಕೆಯ ಪ್ರಶ್ನೆಯೂ ತಪ್ಪಲ್ಲ. ಇನ್ನೊಬ್ಬಾಕೆ, ಕೂಸು ಹೋಗಿದ್ದು ಅವರ ಹಣೆಬರಹ, ನೀರೇನು ಮಾಡೀತು, ನಮ್ಮ ಮನೆಯಲ್ಲಿ ಎಲ್ಲರೂ ಇದನ್ನೇ ಕುಡಿದು ಗಟ್ಟಿಯಾಗಿದ್ದೇವೆ ಎಂದಳು.

ಆಗ ಕಾಕು ಮನೆಯಿಂದ ಹೊರಗೆ ಬಂದರು. ಹಿಂದಿನ ದಿನವಷ್ಟೇ ಮಗಳನ್ನು ಕರೆದುಕೊಂಡು ಊರಿಗೆ ಬಂದಿದ್ದರು. ಓಣಿಯವರ ಲೆಕ್ಕದಲ್ಲಿ ಆ ಮನೆಗೆ ಸೂತಕ. ಸೂತಕ ಕಳೆಯುವ ತನಕ ಅವರು ನಳದ ಹತ್ತಿರ ಸುಳಿಯುವಂತಿಲ್ಲ, ಅವರು ಮುಟ್ಟಿದ ನೀರನ್ನು ಯಾರೂ ಕುಡಿಯುವಂತಿಲ್ಲ. ಇದನ್ನು ಓಣಿಗೆ ಎಲ್ಲರಿಗಿಂತ ಕಟ್ಟುನಿಟ್ಟಾಗಿ ಕಲಿಸಿದವರೇ ಕಾಕು. ನೀರು ಬೇಕಾಗಿ ಬಂದಿದ್ದಾರೆಂದು ತಿಳಿದು ಬಾಜೂ ಮನೆಯ ಹೆಂಗಸು, “ಅಲ್ಲೇ ನಿಂದರ್ರಿ ಕಾಕು, ನಾನು ದೂರಿಂದ ಸುರುವತೀನಿ” ಎಂದಳು.

ಕಾಕು ನಿಲ್ಲಲಿಲ್ಲ. ಅವಳ ತುಂಬಿದ ಕೊಡದ ಹತ್ತಿರ ಬಗ್ಗಿ, ಬಲಗೈಯನ್ನು ಮಣಿಕಟ್ಟಿನ ತನಕ ಅದರಲ್ಲಿ ಅದ್ದಿದರು. ಪಕ್ಕದ ಕೊಡದಲ್ಲೂ ಅದ್ದಿದರು. ಅಲ್ಲಿಂದ ಮುಂದಿನ ಬಾಗಿಲಿಗೆ ಹೋದರು.

“ತಲಿ ಕೆಟ್ಟೈತೇನು ಕಾಕು ನಿಮಗ? ಸೂತಕದ ಕೈ ಅದು.”

“ಹೌದು, ಸೂತಕದ್ದ” ಎಂದರು ಕಾಕು, ಮತ್ತೊಂದು ಕೊಡಕ್ಕೆ ಕೈ ಹಾಕುತ್ತ.

ಓಣಿಯಲ್ಲಿ ಗದ್ದಲ ಎದ್ದಿತು. ಒಬ್ಬಾಕೆ ತನ್ನ ಕೊಡಕ್ಕೆ ಅಡ್ಡ ನಿಂತಳು, ಕಾಕು ಅವಳ ಸೊಂಟದ ಬದಿಯಿಂದ ಕೈ ತೂರಿಸಿ ಮುಟ್ಟಿದರು. ಮಕ್ಕಳಿಲ್ಲದವರಾಗಿ ಹೋಗ್ರಿ ಎಂದು ಶಪಿಸಿದರು ಯಾರೋ. ಮುಖ ಸಿಂಡರಿಸಿದರು, ಮೂಗು ಮುರಿದರು, ಕೈ ತಾಗಿದ ಕೊಡವನ್ನು ಹುಳ ಬಿದ್ದಂತೆ ತುದಿಬೆರಳಲ್ಲಿ ಹಿಡಿದರು. ಅಷ್ಟು ದಿನ ನಾನು ಆ ಓಣಿಯಲ್ಲಿ ಹುಡುಕಿ ಸಿಗದ ಹೇಸಿಗೆ ಅವತ್ತು ಎಲ್ಲರ ಮುಖದ ಮೇಲೂ ಕಂಡಿತು. ಹೇಲು ಬೆರೆತಿದೆ ಎಂದಾಗ ಚೆಲ್ಲದ ನೀರನ್ನು, ಮೊಮ್ಮಗುವನ್ನು ಕಳೆದುಕೊಂಡ ಕಾಕುವಿನ ಕೈ ಬಿದ್ದಾಗ ಒಬ್ಬೊಬ್ಬರೇ ಎತ್ತಿ ಗಟಾರಕ್ಕೆ ಸುರಿದರು.

ನಾನು ಹೋಗಿ ಕಾಕುವಿನ ತೋಳು ಹಿಡಿದೆ. ಅವರ ಸೀರೆಯ ಅಂಚಿನಿಂದ ನೀರು ಇಳಿಯುತ್ತಿತ್ತು.

“ಬಿಡು ತಂಗಿ” ಎಂದರು. “ನಿನ್ನ ಮಾತು ಇವರು ಕೇಳಾಂಗಿಲ್ಲ. ನಾನೂ ಕೇಳಲಿಲ್ಲಲ್ಲ.”

ಕೈ ಬಿಡಿಸಿಕೊಂಡು ಮುಂದಿನ ಮನೆಯ ಕೊಡದ ಕಡೆ ನಡೆದರು.